ಸದ್ದು ಬರದ ಆ ರಾತ್ರಿಯ ಬಗ್ಗೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಮಾತು ನಾಲ್ಕು ದಿನದಿಂದ ಮನಸ್ಸು ಬಿಟ್ಟು ಹೋಗಿಲ್ಲ. "ಝಾಬಿಕ್ಸ್ ಸ್ಕ್ರೀನ್ ಕೆಂಪಾಗಿತ್ತು ಮಾವ, ಸದ್ದೇ ಬರಲಿಲ್ಲ. ಈಗ ರೂಮು ಸುಮ್ಮನಿದ್ದರೇ ಭಯ ಆಗುತ್ತೆ" ಅಂತ ಬರೆದಿದ್ದೀಯ. ಝಾಬಿಕ್ಸ್ ಅಂದರೆ ಸರ್ವರುಗಳನ್ನು ಕಾಯುತ್ತಾ, ತೊಂದರೆ ಬಂದರೆ ಸದ್ದು ಮಾಡಿ ಎಚ್ಚರಿಸುವ ಸಾಫ್ಟ್‌ವೇರ್ ಅಲ್ವಾ.

ಆ ಭಯ ನನಗೆ ಗೊತ್ತು ಪುಟ್ಟಿ. ನಿನ್ನ ಅಮ್ಮನಿಗೂ ನಾನು ಇದನ್ನು ಹೇಳಿಲ್ಲ. 1984ರ ಮಳೆಗಾಲ, ಸ್ಟ್ರೋಜರ್ ಅನ್ನುವ ಹಳೇ ಯಾಂತ್ರಿಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ. ಯಾರಾದರೂ ರಿಸೀವರ್ ಸರಿಯಾಗಿ ಇಡದಿದ್ದರೂ ಸ್ವಲ್ಪ ಹೊತ್ತಿಗೆ ಅಲಾರಂ ಗಂಟೆ ಹೊಡೆದುಕೊಳ್ಳುತ್ತಿತ್ತು. ಬೇಸತ್ತು ಗಂಟೆಯ ಸಂದಿಗೆ ಬಟ್ಟೆಚೂರು ತುರುಕಿದೆ. ಹತ್ತು ನಿಮಿಷ ಬಿಟ್ಟು ತೆಗೆಯೋಣ ಅಂತ ಇದ್ದೆ. ಕುರ್ಚಿಯಲ್ಲೇ ನಿದ್ದೆ ಹತ್ತಿತು. ಅವತ್ತೇ ಚಾರ್ಜರಿನ ಫ್ಯೂಸ್ ಹೋಯಿತು. ಇಡೀ ಎಕ್ಸ್‌ಚೇಂಜ್ ನಡೆಸುವ 50 ವೋಲ್ಟಿನ ಹಳೇ ಬ್ಯಾಟರಿ ಇಳಿಯುತ್ತಾ ಹೋಯಿತು. ಎಚ್ಚರ ಆದಾಗ ಕರೆ ಜೋಡಿಸುವ ಸೆಲೆಕ್ಟರುಗಳ ಕಟಕಟ ಇಲ್ಲವೇ ಇಲ್ಲ. ಬೆಳಗ್ಗೆ ಒಬ್ಬರು ಬಂದರು. ರಾತ್ರಿ ಅವರ ತಂದೆಗೆ ಎದೆನೋವು, ಫೋನ್ ಸತ್ತಿತ್ತು, ಡಾಕ್ಟರ ಮನೆಗೆ ಮಳೆಯಲ್ಲಿ ನಡೆದೇ ಹೋಗಿದ್ದರಂತೆ. ಬೈಯಲಿಲ್ಲ. "ಈಗ ಸರಿಯಾಯ್ತಾ?" ಅಂತಷ್ಟೇ ಕೇಳಿದರು. ಅವರ ತಂದೆ ಹೇಗಿದ್ದಾರೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಅದೇ ಕೊರಗು.

ನಿನ್ನ ಕೆಲಸ ನಿನಗೇ ಚೆನ್ನಾಗಿ ಗೊತ್ತು, ನಾನು ಹೇಳೋದು ಜಾಸ್ತಿ ಆಯಿತೇನೋ. ಆದರೂ ಪಕ್ಕದ ಮನೆ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಆ ಸದ್ದು ಸರ್ವರಿನಿಂದ ಬರೋದಲ್ಲವಂತೆ. ನೀನು ತೆರೆದಿಟ್ಟ ಬ್ರೌಸರ್ ಪುಟವೇ ಬಾರಿಸೋದಂತೆ. 2018ರಿಂದ ಕ್ರೋಮ್, ಪುಟದ ಮೇಲೆ ಒಂದು ಸಲವಾದರೂ ಕ್ಲಿಕ್ ಮಾಡದಿದ್ದರೆ ಸದ್ದನ್ನು ತಡೆಯಬಹುದು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಪುಟ ತಾನೇ ತೆರೆದುಕೊಂಡಿತ್ತು ಅಂತ ನೀನೇ ಬರೆದಿದ್ದೆಯಲ್ಲ? ಆಮೇಲೆ ಅದನ್ನು ಯಾರಾದರೂ ಮುಟ್ಟಿದ್ದರಾ?

ಮತ್ತೆ ಮತ್ತೆ ಆ ಸುಮ್ಮನಿದ್ದ ರೂಮೇ ಕಣ್ಣ ಮುಂದೆ ಬರುತ್ತದೆ. ಬಟ್ಟೆ ತುರುಕಿದವನು ನಾನು. ನೀನು ಏನನ್ನೂ ತುರುಕಿಲ್ಲ. ಅದನ್ನು ನೆನಪಿಟ್ಟುಕೋ.

ಆ ಹುಡುಗ ಇನ್ನೊಂದು ಹೇಳಿದ. ನಿನ್ನ ಝಾಬಿಕ್ಸ್ ಪ್ರೊಫೈಲಿನಲ್ಲಿ ಪ್ರತಿ ಮಟ್ಟದ ತೊಂದರೆಗೂ ಬೇರೆ ಬೇರೆ ಟಿಕ್ ಇದೆಯಂತೆ, ಬೇಕಾದದ್ದರ ಟಿಕ್ ಹೋಗಿರಬಹುದು. ಸದ್ದು ಒಂದೇ ಸಲ ಅಂತ ಇಟ್ಟಿದ್ದರೆ ಟೀ ತರಲು ಎದ್ದಾಗ ಕೇಳಿಸುವುದಿಲ್ಲ. ಇದನ್ನೆಲ್ಲ ನೀನು ಆಗಲೇ ನೋಡಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ನಾನು ಪಾಳಿಗೆ ಕೂರುವ ಮೊದಲು ಒಂದು ದಿನವೂ ಆ ಗಂಟೆಯನ್ನು ಪರೀಕ್ಷಿಸಲಿಲ್ಲ. ನೀನು ಪರೀಕ್ಷಿಸು. ಬೇಕಂತಲೇ ಒಂದು ಸುಳ್ಳು ತೊಂದರೆ ಎಬ್ಬಿಸಿ ಕಿವಿಯಾರೆ ಕೇಳು. ದೊಡ್ಡ ತೊಂದರೆಗೆ ಎಸ್‌ಎಂಎಸ್ಸೂ ಬರುವ ಹಾಗೆ ಮಾಡಿಸಿಕೊಳ್ಳಲು ಆಗುತ್ತದಾ, ನಿಮ್ಮವರನ್ನು ಕೇಳಿ ನೋಡು. ಒಂದೇ ಕಿವಿಯನ್ನು ನಂಬಿ ಇಡೀ ರಾತ್ರಿ ಕೂರಬೇಡ.

ಭಾನುವಾರ ಪಾಳಿ ಮುಗಿಸಿ ಬಂದು, ಊಟ ಮಾಡಿ, ಮಲಗುವ ಮೊದಲು ಫೋನ್ ಮಾಡು. ಸದ್ದು ಬಂತಾ ಅಂತ ಮಾತ್ರ ಹೇಳು, ಸಾಕು.

ನಿನ್ನ ಮಾವ