ಸಿನಿಮಾ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಮೊನ್ನೆ ನಮ್ಮ ಡಾಕ್ಯುಮೆಂಟರಿಯ ಮೊದಲ ಸ್ಕ್ರೀನಿಂಗ್ ಆಯ್ತು. ಮರೆವಿನ ಕಾಯಿಲೆ ಇರೋ ಅಪ್ಪ (ನಮಗೆಲ್ಲ ಅಜ್ಜ), ಅವರನ್ನ ನೋಡ್ಕೊಳ್ಳೋ ಮಗಳು (ನಮಗೆ ಅಕ್ಕ), ಒಂದು ಮನೆ, ಇಷ್ಟೇ ಸಿನಿಮಾ. ವಾಯ್ಸ್ ಓವರ್ ಇಲ್ಲ, ಇಂಟರ್‌ವ್ಯೂ ಇಲ್ಲ, ಮ್ಯೂಸಿಕ್ಕೂ ಇಲ್ಲ. ಮುಗಿದ್ಮೇಲೆ ಒಬ್ರು ಎದ್ದು, "ನಾವು ಸುಮ್ನೆ ನೋಡ್ತಾ ಇದ್ವಿ ಅಷ್ಟೇ ಅಂತೀರಲ್ಲ, ಹಾಗಾದ್ರೆ ನಂಗ್ಯಾಕೆ ಇಷ್ಟು ಅಳು ಬಂತು?" ಅಂತ ಕೇಳಿದ್ರು. ಎರಡು ಮಾತಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ ಅದು, ಮತ್ತೆ ಆ ಉತ್ತರ ಹೇಳ್ಬೇಕಂದ್ರೆ ನಾನು ಯಾರ‍್ಯಾರ ಋಣದಲ್ಲಿದೀನೋ ಅವರೆಲ್ಲ ಬರ್ತಾರೆ, ಅದಕ್ಕೆ ಎರಡನ್ನೂ ಸೇರಿಸಿಯೇ ಬರೀತಿದೀನಿ.

ಮೊದಲು ನಮ್ಮ ಕ್ಯಾಮೆರಾಮನ್‌ಗೆ. ಅಕ್ಕ ಅಪ್ಪನ ಕಾಲನ್ನ ತೊಡೆ ಮೇಲಿಟ್ಕೊಂಡು ಉಗುರು ಕತ್ತರಿಸ್ತಿದ್ರು. ಅಜ್ಜ ಇದ್ದಕ್ಕಿದ್ದ ಹಾಗೆ "ನೀನ್ಯಾರಮ್ಮ?" ಅಂದ್ರು. ಅಕ್ಕ ತಲೆ ಎತ್ತದೇನೇ "ಉಗುರು ಕತ್ತರಿಸೋಳು" ಅಂದ್ರು. "ಚೆನ್ನಾಗ್ ಕತ್ತರಿಸ್ತೀಯ" ಅಂದ್ರು ಅಜ್ಜ. ಬೇರೆ ಯಾರಾದ್ರೂ ಆಗಿದ್ರೆ ಆ ಕ್ಷಣಕ್ಕೆ ಕ್ಯಾಮೆರಾ ಸೀದಾ ಅಕ್ಕನ ಮುಖಕ್ಕೆ ಹೋಗ್ತಿತ್ತು. ಇವನು ಕ್ಯಾಮೆರಾನ ಅಕ್ಕನ ಕೈ ಮೇಲೇ ನಿಲ್ಲಿಸಿದ. ಕೇಳಿದ್ದಕ್ಕೆ, ಮುಖಕ್ಕೆ ಹೋಗೋಕೆ ಮನಸ್ಸು ಬರ್ಲಿಲ್ಲ ಅಂದ. ಇಡೀ ಸಿನಿಮಾದಲ್ಲಿ ಎಲ್ಲರೂ ಸಂಯಮದ ಶಾಟ್ ಅಂತ ಹೊಗಳ್ತಿರೋದು ಅದನ್ನೇ, ಅದು ಬಂದಿದ್ದು ಮಾತ್ರ ಅವನ ಸಂಕಟದಿಂದ. ಸೌಂಡ್ ಮಾಡಿದ ಹುಡುಗಿಗೂ ಇಲ್ಲೇ ಥ್ಯಾಂಕ್ಸ್, ನೇಲ್ ಕಟರ್ ಒಂದು ಕ್ಷಣ ನಿಂತು ಮತ್ತೆ ಶುರುವಾಗೋ ಆ ಟಕ್ ಶಬ್ದ ಅಷ್ಟು ಸ್ಪಷ್ಟವಾಗಿ ಸಿಗದೇ ಇದ್ದಿದ್ರೆ ಆ ಸೀನೇ ಇರ್ತಿರ್ಲಿಲ್ಲ.

ಈ ಥರದ ಸಿನಿಮಾಗಳ ಚರಿತ್ರೆ ಓದಿದಾಗೆಲ್ಲ ನಂಗೆ ಒಂದು ವಿಷ್ಯ ಅನ್ಸುತ್ತೆ. 1960ರ ಹೊತ್ತಿಗೆ ಅಮೆರಿಕದಲ್ಲಿ ರಾಬರ್ಟ್ ಡ್ರೂ, ರಿಚರ್ಡ್ ಲೀಕಾಕ್, ಪೆನ್ನೆಬೇಕರ್, ಆಲ್ಬರ್ಟ್ ಮೇಸಲ್ಸ್ ಇವರೆಲ್ಲ ಹೆಗಲ ಮೇಲೆ ಹೊತ್ಕೊಂಡು ಓಡಾಡೋ 16 ಎಂಎಂ ಕ್ಯಾಮೆರಾ, ಜೊತೆಗೆ ಹೊತ್ತೊಯ್ಯೋ ಟೇಪ್ ರೆಕಾರ್ಡರ್ ಹಿಡ್ಕೊಂಡು ಹೊರಟಾಗ, ಇನ್ಮೇಲೆ ಸತ್ಯ ಇದ್ದ ಹಾಗೇ ಸಿಗುತ್ತೆ ಅಂತ ಎಷ್ಟೋ ಜನ ನಂಬಿದ್ರು. ಆದ್ರೆ ಆ ಹಗುರ ಕ್ಯಾಮೆರಾ ನಿಜವಾಗ್ಲೂ ಕೊಟ್ಟಿದ್ದು ಹತ್ತಿರಕ್ಕೆ ಹೋಗೋ ಅವಕಾಶ. ಅಷ್ಟು ಹತ್ತಿರ ಹೋಗಿ ನಿಂತೋರಿಗೆ ಏನೂ ಅನ್ಸಲ್ಲ ಅಂದ್ರೆ ನಾನಂತೂ ನಂಬಲ್ಲ.

ಇನ್ನು ನಮ್ಮ ಎಡಿಟರ್. ಇವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಉಗುರಿನ ಸೀನ್ ಪಕ್ಕಕ್ಕೆ ಹಾಕೋಕೆ ಅಕ್ಕನ ಕಣ್ಣು ಒದ್ದೆಯಾಗಿರೋ ಒಂದು ಒಳ್ಳೆ ಕ್ಲೋಸ್ ಅಪ್ ನಮ್ಮ ಹತ್ರ ಇತ್ತು, ಬೇರೆ ದಿನದ್ದು. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಒಂದೇ ಮುಖವನ್ನ ಬೇರೆ ಬೇರೆ ಶಾಟ್ ಪಕ್ಕ ಇಟ್ರೆ ಅದೇ ಮುಖದಲ್ಲಿ ಬೇರೆ ಬೇರೆ ಭಾವನೆ ಕಾಣುತ್ತೆ ಅಂತ ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೇನೇ ತೋರಿಸಿದಾರೆ, ಆ ಶಕ್ತಿ ಎಡಿಟಿಂಗ್ ಟೇಬಲ್ ಮೇಲೆ ಕೂತೋರ ಕೈಯಲ್ಲಿ ಯಾವಾಗ್ಲೂ ಇರುತ್ತೆ. ನಮ್ಮ ಎಡಿಟರ್ ಖಡಾಖಂಡಿತ ಹೇಳ್ಬಿಟ್ರು, ಆ ಅಳು ಈ ಮಾತಿಗೆ ಬಂದಿದ್ದಲ್ಲ, ಹಾಕಲ್ಲ. ವಸ್ತುನಿಷ್ಠತೆ ಅಂದ್ರೆ ನಂಗೀಗ ಇದೇ. ಭಾವನೆ ಇರ್ಲಿ, ಬೇಕಾದಷ್ಟಿರ್ಲಿ, ಆದ್ರೆ ಅಲ್ಲಿ ನಡೆದಿದ್ದೇ ಇರ್ಬೇಕು.

ನಮ್ಮ ಹಿರಿಯ ಗೆಳೆಯರೊಬ್ರು ಶೂಟಿಂಗ್‌ಗೆ ಮುಂಚೇನೇ "ಅಜ್ಜನ ಒಪ್ಪಿಗೆ ಯಾರು ಕೊಡ್ತಾರೆ?" ಅಂತ ಕೇಳಿದ್ರು, ಅವರಿಗೂ ನಾನು ಋಣಿ. ಅಮೆರಿಕದ ಫ್ರೆಡರಿಕ್ ವೈಸ್‌ಮನ್ ಅವರ 'ಟಿಟಿಕಟ್ ಫಾಲೀಸ್' ಅನ್ನೋ ಡಾಕ್ಯುಮೆಂಟರಿ 1967ರದ್ದು, ಮಾನಸಿಕ ಕಾಯಿಲೆಯ ಕೈದಿಗಳನ್ನ ಇಟ್ಟಿದ್ದ ಆಸ್ಪತ್ರೆಯೊಳಗೆ ತೆಗೆದಿದ್ದು, ಅಲ್ಲಿರೋರ ಖಾಸಗಿತನದ ಕಾರಣ ಕೊಟ್ಟು ಮ್ಯಾಸಚೂಸೆಟ್ಸ್ ಕೋರ್ಟು ತಡೆದಿದ್ದ ಆ ಸಿನಿಮಾನ ಸಾರ್ವಜನಿಕರು ನೋಡೋ ಹಾಗಾಗಿದ್ದು 1991ರಲ್ಲಿ. ಅಲ್ಲಿನ ಪರಿಸ್ಥಿತಿ ಜನಕ್ಕೆ ಗೊತ್ತಾಗ್ಲೇಬೇಕಿತ್ತು ಅಂತಾನೂ ಅನ್ಸುತ್ತೆ, ಆ ಮನುಷ್ಯರನ್ನ ಯಾರೂ ಕೇಳೋ ಹಾಗೇ ಇರ್ಲಿಲ್ವಲ್ಲ ಅಂತಾನೂ ಅನ್ಸುತ್ತೆ. ಅದಕ್ಕೇ ನಾವು ಪ್ರತಿ ದಿನ ಅಜ್ಜನ್ನ ಹೊಸದಾಗಿ ಕೇಳ್ತಿದ್ವಿ. ಅವರು ಕೈ ಅಡ್ಡ ಮಾಡಿದ್ರೆ ಕ್ಯಾಮೆರಾ ಆಫ್.

ಕೊನೇದಾಗಿ ಅಕ್ಕನಿಗೆ. ಫ್ರಾನ್ಸಿನ ಜ್ಯಾನ್ ರೂಶ್, ಎಡ್ಗರ್ ಮೊರಾನ್ 1961ರ ತಮ್ಮ 'ಕ್ರಾನಿಕಲ್ ಆಫ್ ಎ ಸಮ್ಮರ್' ಡಾಕ್ಯುಮೆಂಟರಿಯಲ್ಲಿ, ಶೂಟ್ ಮಾಡಿದ್ದನ್ನ ಅದರಲ್ಲಿದ್ದ ಜನಕ್ಕೇ ತೋರಿಸಿ ಅವರ ಜಗಳಾನೂ ಸಿನಿಮಾ ಒಳಗೇ ಇಟ್ಕೊಂಡಿದ್ರು. ನಾವು ಅಷ್ಟು ಮಾಡ್ಲಿಲ್ಲ, ರಫ್ ಕಟ್, ಅಂದ್ರೆ ಎಡಿಟಿಂಗ್‌ನ ಕರಡು, ಅದನ್ನ ಮಾತ್ರ ಅಕ್ಕನಿಗೆ ತೋರಿಸಿದ್ವಿ. ಸ್ನಾನದ ಸೀನ್ ಬೇಡ ಅಂದ್ರು, ತೆಗೆದ್ವಿ. ಅಪ್ಪನ ಮೇಲೆ ರೇಗಾಡಿ ತಟ್ಟೆ ಕುಕ್ಕೋ ಸೀನನ್ನ ಅವರೇ ತೆಗೀರಿ ಅಂತಾರೇನೋ ಅಂದ್ಕೊಂಡಿದ್ದೆ, "ಅದು ಇರ್ಲಿ ಕಣೋ, ಇಲ್ಲಾಂದ್ರೆ ನನ್ನನ್ನ ದೇವತೆ ಮಾಡ್ಬಿಡ್ತೀಯ" ಅಂದ್ರು. ಅದು ಈಗ್ಲೂ ಸಿನಿಮಾದಲ್ಲಿದೆ, ಒಂದು ಫ್ರೇಮೂ ಕಟ್ ಆಗಿಲ್ಲ. ಅಕ್ಕಾ, ನಿಮ್ಮಷ್ಟು ನೇರವಾಗಿ ನಿಮ್ಮನ್ನ ನಾವ್ಯಾರೂ ನೋಡಿರ್ಲಿಲ್ಲ, ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.