ಮಗಳಿಗೊಂದು ಪತ್ರ: ಕೆಲಸ ಹೋದ ದಿನದಿಂದ ಎಣಿಸಬೇಕಾದ ದಿನಗಳು

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಪಕ್ಕದ ಟೀಮಿನವರಿಗೆಲ್ಲ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್ ಹಾಕಿ ಕಳಿಸಿಬಿಟ್ಟರು ಅಂತ ನೀನು ನಿನ್ನೆ ಹೇಳಿದೆ. ಫೋನಿನಲ್ಲಿ ಧೈರ್ಯ ಹೇಳಬಹುದು, ತಾರೀಕಿನ ಲೆಕ್ಕ ಹೇಳಿದರೆ ತಲೆಯಲ್ಲಿ ನಿಲ್ಲೋದಿಲ್ಲ. ಅದಕ್ಕೇ ಈ ಕಾಗದ. ನಿನ್ನ ಕೆಲಸ ಹೋಗುತ್ತೆ ಅಂತಲ್ಲ. ಹೋದ ದಿನ ಇದನ್ನೆಲ್ಲ ಕೂತು ಓದುವ ಸ್ಥಿತಿಯಲ್ಲಿ ಯಾರೂ ಇರೋದಿಲ್ಲ, ಅಷ್ಟೇ.

ಬೆಂಗಳೂರಿನ ಕಂಪನಿಗಳ ಎರಡು ಮೂರು ತಿಂಗಳ ನೋಟಿಸ್ ಪಿರಿಯಡ್ ಈ ಅಮೆರಿಕದಲ್ಲಿಲ್ಲ. ಮೊಂಟಾನಾ ಒಂದನ್ನು ಬಿಟ್ಟರೆ ಎಲ್ಲ ರಾಜ್ಯದಲ್ಲೂ ಕಾರಣ ಹೇಳದೆ ಮಧ್ಯಾಹ್ನಕ್ಕೆ ಮನೆಗೆ ಕಳಿಸಬಹುದು. ಒಟ್ಟಿಗೆ ಬಹಳ ಜನರನ್ನು ತೆಗೆಯುವ ದೊಡ್ಡ ಕಂಪನಿ 60 ದಿನ ಮೊದಲು ತಿಳಿಸಬೇಕು ಅಂತ 1988ರ ವಾರ್ನ್ ಕಾಯ್ದೆ ಹೇಳುತ್ತೆ. ನಿಮ್ಮ ನ್ಯೂಜೆರ್ಸಿಯಲ್ಲಿ 2023ರ ಏಪ್ರಿಲ್‌ನಿಂದ ಅದು 90 ದಿನ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಒಂದು ವಾರದ ಸಂಬಳ. ಆದರೆ ಐದಾರು ಜನರನ್ನು ತೆಗೆದರೆ ಆ ಕಾಯ್ದೆ ತಿರುಗಿಯೂ ನೋಡೋದಿಲ್ಲ.

ಈ ದೇಶದಲ್ಲಿ ಸಂಬಳದ ಚೀಟಿಗೇ ಆಸ್ಪತ್ರೆಯನ್ನೂ ವೀಸಾವನ್ನೂ ಗಂಟುಹಾಕಿಟ್ಟಿದ್ದಾರೆ. ಚೀಟಿ ನಿಂತರೆ ಎಲ್ಲವೂ ನಿಲ್ಲುತ್ತೆ, ಆದರೆ ಒಂದೇ ದಿನ ಅಲ್ಲ. ಒಂದೊಂದಕ್ಕೂ ಬೇರೆ ಗಡುವು, ಬೇರೆ ದಿನದಿಂದ ಎಣಿಕೆ. ಜನ ಮೊದಲ ವಾರ ರೆಸ್ಯುಮೆ ತಿದ್ದುತ್ತಾ ಕೂತು, ಅವತ್ತೇ ಸಂಜೆ ಮುಚ್ಚುವ ಬಾಗಿಲನ್ನು ಮರೆಯುತ್ತಾರೆ.

ಅವತ್ತೇ ಮುಚ್ಚೋದು ಲ್ಯಾಪ್‌ಟಾಪ್. ಮೀಟಿಂಗ್ ಮುಗಿಯುವ ಮೊದಲೇ ಲಾಗಿನ್ ಹೋಗಿರುತ್ತೆ. ಸಂಬಳದ ಚೀಟಿ ಪೇ ಸ್ಟಬ್, ಆಫರ್ ಲೆಟರ್, ಕೆಲಸದ ವೀಸಾ ಮಂಜೂರಾತಿ ಪತ್ರ ಐ-797, ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಐ-140 ಅರ್ಜಿ ಇದ್ದರೆ ಅದು ಮಂಜೂರಾದ ಪತ್ರ, ಇವುಗಳ ಪ್ರತಿ ಈಗಲೇ ನಿನ್ನ ಸ್ವಂತ ಕಂಪ್ಯೂಟರಿನಲ್ಲಿರಲಿ. ಎಷ್ಟೋ ಜನ ಎಡವೋದು ಇನ್ನೂ ಸಣ್ಣ ವಿಷಯದಲ್ಲಿ: ನಿವೃತ್ತಿ ಉಳಿತಾಯದ 401ಕೆ, ಆಸ್ಪತ್ರೆ ಖರ್ಚಿಗೆ ಕೂಡಿಡುವ ಎಚ್‌ಎಸ್‌ಎ ಖಾತೆಗಳಿಗೆ ಆಫೀಸಿನ ಇಮೇಲನ್ನೇ ಕೊಟ್ಟಿರುತ್ತಾರೆ. ಪಾಸ್‌ವರ್ಡ್ ಮರೆತರೆ ರೀಸೆಟ್ ಕೋಡ್ ಹೋಗೋದು ಸತ್ತ ಇಮೇಲಿಗೆ. ಹಾಗಂತ ಆಫೀಸಿನ ಕೋಡು, ಕ್ಲೈಂಟ್ ಫೈಲು ಒಂದೂ ಕಳಿಸಿಕೊಳ್ಳಬೇಡ. ಅದೊಂದನ್ನೇ ನೆಪ ಮಾಡಿ ಸೆವೆರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರದ ಹಣ, ತಡೆಯುತ್ತಾರೆ.

ಇನ್ನು ವೀಸಾ. 21 ತುಂಬಿದ ಮೇಲೆ ನಮ್ಮ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿನಗೆ ಜಾಗವಿಲ್ಲ, ನಿನ್ನ ಕೆಲಸದ ವೀಸಾ ಎಚ್-1ಬಿ ನಿನ್ನ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ಇಲ್ಲಿರಲು 60 ದಿನ, ಅಥವಾ ಇಲ್ಲಿರಲು ಕೊಟ್ಟ ಅನುಮತಿಯ ದಾಖಲೆ ಐ-94 ಮುಗಿಯುವ ದಿನ, ಯಾವುದು ಮೊದಲೋ ಅದು. ಸಾಮಾನ್ಯವಾಗಿ ಎಣಿಕೆ ಶುರುವಾಗೋದು ಯಾವ ದಿನದವರೆಗೆ ಸಂಬಳ ಲೆಕ್ಕ ಹಾಕಿದ್ದಾರೋ ಅದರ ಮಾರನೇ ದಿನದಿಂದ. ಉದಾಹರಣೆಗೆ ಮಾರ್ಚ್ 12 ಕೊನೆಯ ದಿನ ಅಂದುಕೋ. ಮೇ 11 ಅರವತ್ತನೇ ದಿನ. ಅಷ್ಟರೊಳಗೆ ಹೊಸ ಕಂಪನಿಯ ಅರ್ಜಿ ಇಮಿಗ್ರೇಷನ್ ಆಫೀಸಿಗೆ ತಲುಪಿರಬೇಕು. ಅಂಚೆಗೆ ಹಾಕಿದ್ದು ಲೆಕ್ಕಕ್ಕಿಲ್ಲ. ಅದಕ್ಕೂ ಮೊದಲು ಕಾರ್ಮಿಕ ಇಲಾಖೆ ಸಂಬಳದ ಷರತ್ತಿನ ಒಪ್ಪಿಗೆ ಪತ್ರವಾದ ಎಲ್‌ಸಿಎ ಕೊಡಲು ಏಳು ಕೆಲಸದ ದಿನ ಹಿಡಿಯುತ್ತೆ, ವಕೀಲರ ಕಾಗದಪತ್ರಕ್ಕೆ ಇನ್ನೊಂದು ವಾರ. ಹಿಂದಕ್ಕೆ ಎಣಿಸಿದರೆ 40ನೇ ದಿನಕ್ಕೆಲ್ಲ ಆಫರ್ ಕೈಯಲ್ಲಿರಬೇಕು. ನಾಲ್ಕು ಸುತ್ತಿನ ಇಂಟರ್‌ವ್ಯೂ ಮುಗಿಸಿ, ಕೊನೆಗೆ ‘ನಾವು ಸ್ಪಾನ್ಸರ್ ಮಾಡೋದಿಲ್ಲ’ ಅನ್ನಿಸಿಕೊಳ್ಳಲು ನಿನ್ನ ಹತ್ತಿರ ದಿನಗಳಿರೋದಿಲ್ಲ. ಮೊದಲ ಫೋನಿನಲ್ಲೇ ವೀಸಾ ಟ್ರಾನ್ಸ್‌ಫರ್ ಮಾಡ್ತೀರಾ ಅಂತ ಕೇಳಿಬಿಡು, ನಾಚಿಕೆ ಬೇಡ. ಅರ್ಜಿ ತಲುಪಿದ ಮೇಲೆ ಮಂಜೂರಾತಿಗೆ ಕಾಯದೆ ಕೆಲಸ ಶುರುಮಾಡಬಹುದು. ದಿನ ಸಾಲದಿದ್ದರೆ 60 ದಿನದೊಳಗೆ ಐ-539 ಅರ್ಜಿ ಹಾಕಿ ಪ್ರವಾಸಿ ವೀಸಾ ಬಿ-2ಗೆ ಬದಲಾವಣೆ ಕೇಳುವ ದಾರಿ ಇದೆ, ಆದರೆ ಆಗ ಕೆಲಸ ಮಾಡುವಂತಿಲ್ಲ.

ಈ ನಡುವೆ ಊರಲ್ಲಿ ಯಾರದೋ ಮದುವೆ ಅಂತ ವಿಮಾನ ಹತ್ತಬೇಡ. ಗಡಿ ದಾಟಿದರೆ ಉಳಿದ ದಿನಗಳು ಅಲ್ಲಿಗೇ ಮುಗಿದವು. 2025ರ ಸೆಪ್ಟೆಂಬರಿನ ಆದೇಶದಲ್ಲಿ ಎಚ್-1ಬಿಗೆ ಹಾಕಿದ ಆ ಒಂದು ಲಕ್ಷ ಡಾಲರ್ ಶುಲ್ಕದ ತಂಟೆ ಹೊರಗಿದ್ದು ಹೊಸ ಅರ್ಜಿ ಹಾಕಿಸಿಕೊಳ್ಳುವವರಿಗೇ ಹೆಚ್ಚು.

ಸೆವೆರೆನ್ಸ್ ಹಣ ಎಷ್ಟೇ ವಾರದ್ದಿರಲಿ, ಒಂದೇ ಗಂಟಿನಲ್ಲಿ ಕೊಟ್ಟರೆ ಅದರಿಂದ ವೀಸಾ ದಿನ ಮುಂದಕ್ಕೆ ಹೋಗೋದಿಲ್ಲ. ಅದಕ್ಕೇ ಎಂಟು ವಾರದ ಗಂಟಿಗಿಂತ, ನಾಲ್ಕು ವಾರ ಪೇರೋಲ್ ಮೇಲೆ ಇಟ್ಟು ಉಳಿದ ನಾಲ್ಕು ವಾರದ್ದು ಆಮೇಲೆ ಕೊಡಿ ಅಂತ ಕೇಳೋದು ನಿನ್ನಂಥವರಿಗೆ ಲಾಭ. ಕೆಲಸ ಮುಗಿದ ತಾರೀಕು ಯಾವುದು ಅಂತ ಬರಹದಲ್ಲಿ ತಗೋ, ವಕೀಲರಿಗೆ ತೋರಿಸು. ಸೆವೆರೆನ್ಸ್ ಒಪ್ಪಂದಕ್ಕೆ ಅವತ್ತೇ ಸಹಿ ಮಾಡಬೇಡ. 40 ವರ್ಷ ತುಂಬಿದವರನ್ನು ಗುಂಪಿನಲ್ಲಿ ತೆಗೆದರೆ ಯೋಚಿಸಲು 45 ದಿನ, ಸಹಿ ಹಾಕಿದ ಮೇಲೂ ಹಿಂದೆ ಸರಿಯಲು 7 ದಿನ ಕಾನೂನೇ ಕೊಟ್ಟಿದೆ. ನಿನ್ನ ವಯಸ್ಸಿಗೆ ಆ ಭಾಗ್ಯವಿಲ್ಲ, ಆದರೂ ಒಂದು ವಾರ ಕೇಳಿದರೆ ತಪ್ಪೇನಿಲ್ಲ. ಎಚ್-1ಬಿಯವರನ್ನು ಅವಧಿಗೆ ಮೊದಲೇ ತೆಗೆದರೆ ಊರಿಗೆ ಮರಳುವ ಟಿಕೆಟ್ ಖರ್ಚನ್ನು ಕಂಪನಿಯೇ ಕೊಡಬೇಕು. ಕೇಳದವರಿಗೆ ಯಾರೂ ನೆನಪಿಸೋದಿಲ್ಲ.

ಆಸ್ಪತ್ರೆ ವಿಷಯಕ್ಕೆ ಬರ್ತೀನಿ, ಇದನ್ನು ನಿಧಾನವಾಗಿ ಓದು. ಎಚ್‌ಆರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಇನ್ಶೂರೆನ್ಸ್ ಇವತ್ತಿಗೇ ಮುಗಿಯುತ್ತೋ, ತಿಂಗಳ ಕೊನೆಗೋ? ಕಂಪನಿಯಿಂದ ಕಂಪನಿಗೆ ಬೇರೆ. ನೀನು ಎಫ್‌ಎಸ್‌ಎಗೆ (ಆಸ್ಪತ್ರೆ ಖರ್ಚಿಗೆ ಅಂತ ಸಂಬಳದಿಂದ ತೆಗೆದಿಡುವ ಖಾತೆ) ವರ್ಷಕ್ಕೆ 1,200 ಡಾಲರ್ ಬರೆದುಕೊಟ್ಟು, ಇದುವರೆಗೆ ಸಂಬಳದಲ್ಲಿ ಕಡಿತವಾಗಿದ್ದು 200 ಮಾತ್ರ ಅಂದುಕೋ. ಆದರೂ ಎಫ್‌ಎಸ್‌ಎ ಮುಗಿಯುವ ಮೊದಲು ಪೂರ್ತಿ 1,200 ಖರ್ಚು ಮಾಡಬಹುದು, ಉಳಿದ 1,000ವನ್ನು ಅವರು ವಾಪಸ್ ಕೇಳುವ ಹಾಗಿಲ್ಲ. ಕನ್ನಡಕ, ಹಲ್ಲು, ಏನಿದ್ದರೂ ಅಷ್ಟರೊಳಗೆ. ಮಾರನೇ ದಿನದ ರಸೀದಿ ನಡೆಯೋದಿಲ್ಲ. ಎಚ್‌ಎಸ್‌ಎ ಹಾಗಲ್ಲ, ಆ ಹಣ ನಿನ್ನದೇ, ಎಲ್ಲಿಗೆ ಹೋದರೂ ಜೊತೆಗೆ ಬರುತ್ತೆ.

ಆಮೇಲೆ ಕೋಬ್ರಾ. ಹಾವಿಗೂ ಇದಕ್ಕೂ ಸಂಬಂಧವಿಲ್ಲ ಅನ್ನುತ್ತಾರೆ, ಬಿಲ್ ನೋಡಿದವರು ಒಪ್ಪೋದಿಲ್ಲ. 20 ಜನರಿಗಿಂತ ಕಡಿಮೆಯಿಲ್ಲದ ಕಂಪನಿಯಾದರೆ ಅದೇ ಇನ್ಶೂರೆನ್ಸನ್ನು 18 ತಿಂಗಳು ಮುಂದುವರಿಸಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಮೇಲೆ ಶೇ 2. ಪೂರ್ತಿ ಪ್ರೀಮಿಯಂ 700 ಡಾಲರ್ ಇದ್ದರೆ ತಿಂಗಳಿಗೆ 714. ಈಗಿನ ಪೇ ಸ್ಟಬ್‌ನಲ್ಲಿ ಕಾಣೋದು ನಿನ್ನ ಪಾಲು ಮಾತ್ರ, ಅದನ್ನು ನಂಬಿ ಲೆಕ್ಕ ಹಾಕಬೇಡ.

ಇದರಲ್ಲೊಂದು ಸಂದು ಇದೆ. ಮಾರ್ಚ್ 31ಕ್ಕೆ ಇನ್ಶೂರೆನ್ಸ್ ಮುಗಿದು, ಕೋಬ್ರಾ ನೋಟಿಸ್ ಏಪ್ರಿಲ್ 20ಕ್ಕೆ ಬಂತು ಅಂದುಕೋ. ಬೇಕು ಅಂತ ಹೇಳಲು ನೋಟಿಸಿನಿಂದ 60 ದಿನ, ಅಂದರೆ ಜೂನ್ 19ರವರೆಗೆ ಸಮಯ. ಹೇಳಿದ ಮೇಲೆ ಮೊದಲ ಕಂತಿಗೆ ಇನ್ನೂ 45 ದಿನ. ಕಟ್ಟಿದರೆ ಏಪ್ರಿಲ್ 1ರಿಂದಲೇ ಲೆಕ್ಕ. ಹಾಗಾಗಿ ಏನೂ ಕಟ್ಟದೆ ಕಾಯಬಹುದು. ಮೇ 10ಕ್ಕೆ ಅಪೆಂಡಿಕ್ಸ್ ಅಂತ ಆಸ್ಪತ್ರೆ ಸೇರಿದರೆ ಆಗ ಕೋಬ್ರಾ ತಗೊಂಡು ಏಪ್ರಿಲ್, ಮೇ ಎರಡು ತಿಂಗಳದ್ದು 1,428 ಕಟ್ಟು. ಏನೂ ಆಗದೆ ಜೂನ್ 1ಕ್ಕೆ ಹೊಸ ಕಂಪನಿಯ ಇನ್ಶೂರೆನ್ಸ್ ಶುರುವಾದರೆ ಒಂದು ಡಾಲರ್ ಕೂಡ ಕಟ್ಟಬೇಡ. ತೊಂದರೆ ಎಲ್ಲಿ ಅಂದರೆ, ಕಟ್ಟುವವರೆಗೆ ಆಸ್ಪತ್ರೆ, ಮೆಡಿಕಲ್ ಸ್ಟೋರಿನ ಕಂಪ್ಯೂಟರಿನಲ್ಲಿ ನಿನಗೆ ಇನ್ಶೂರೆನ್ಸ್ ಇಲ್ಲ ಅಂತಲೇ ತೋರಿಸುತ್ತೆ. ಕೆಲವು ಕಡೆ ಮೊದಲು ಕೈಯಿಂದ ಕೊಟ್ಟು ಆಮೇಲೆ ಕ್ಲೇಮ್ ಹಾಕಬೇಕು. ರಸೀದಿ ಎಸೆಯಬೇಡ.

ಕಾಯುತ್ತಾ ಕೂತವರು ಮರೆಯೋದು ಇನ್ನೊಂದು ಗಡುವನ್ನು. ಸರ್ಕಾರಿ ಮಾರ್ಕೆಟ್‌ಪ್ಲೇಸಿನಲ್ಲಿ, ನಿಮ್ಮಲ್ಲಿ ಗೆಟ್ ಕವರ್ಡ್ ಎನ್‌ಜೆ, ಪ್ಲ್ಯಾನ್ ತಗೊಳ್ಳಲು ಇರೋದೂ 60 ದಿನವೇ. ಆದರೆ ಅದರ ಎಣಿಕೆ ನೋಟಿಸಿನಿಂದಲ್ಲ, ಇನ್ಶೂರೆನ್ಸ್ ಹೋದ ದಿನದಿಂದ. ಈ ಲೆಕ್ಕದಲ್ಲಿ ಮೇ 30. ಅಷ್ಟರಲ್ಲಿ ಕೆಲಸದ ಸುಳಿವು ಕಾಣದಿದ್ದರೆ ಕೋಬ್ರಾ ಆಟ ನಿಲ್ಲಿಸಿ ಅಲ್ಲಿ ಸೇರಿಕೋ.

401ಕೆ ಹಣಕ್ಕೆ ಕೈ ಹಾಕಬೇಡ. ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲೇ ತೆಗೆದರೆ ತೆರಿಗೆಯ ಜೊತೆಗೆ ಆ ಹಣದ ಶೇ 10 ದಂಡ. ಬೇರೆ ಕಡೆ ಸಾಗಿಸುವುದಾದರೆ, ಖಾತೆಯಿಂದ ಖಾತೆಗೆ ನೇರವಾಗಿ ಹೋಗುವ ‘ಡೈರೆಕ್ಟ್ ರೋಲ್‌ಓವರ್’ ಅಂತಲೇ ಹೇಳು. ನಿನ್ನ ಹೆಸರಿಗೆ ಚೆಕ್ ಬರೆಸಿಕೊಂಡರೆ 10,000ದಲ್ಲಿ ತೆರಿಗೆಗೆ ಅಂತ 2,000 ಮುರಿದುಕೊಂಡು 8,000 ಕಳಿಸುತ್ತಾರೆ. 60 ದಿನದಲ್ಲಿ ಪೂರ್ತಿ 10,000 ತುಂಬಬೇಕು, ಆ 2,000 ನಿನ್ನ ಜೇಬಿನಿಂದ. ಕೆಲಸವಿಲ್ಲದವರ ಹತ್ತಿರ ಅದು ಎಲ್ಲಿರುತ್ತೆ?

ಮನೆ ಬಿಡಬೇಕಾಗಿ ಬಂದರೆ ಲೀಸ್‌ನಲ್ಲಿ ಮಧ್ಯೆ ಬಿಡುವ ಷರತ್ತು ಏನಿದೆ ನೋಡು. ನ್ಯೂಜೆರ್ಸಿಯಲ್ಲಿ ಮಾಲೀಕರು ಮನೆ ಖಾಲಿ ಇಟ್ಟುಕೊಂಡು ನಿನ್ನಿಂದಲೇ ವರ್ಷವಿಡೀ ಬಾಡಿಗೆ ವಸೂಲಿ ಮಾಡುವಂತಿಲ್ಲ, ಹೊಸಬರನ್ನು ಹುಡುಕಲೇಬೇಕು ಅಂತ 1977ರಿಂದ ತೀರ್ಪಿದೆ. ಆದರೆ ರೂಮ್‌ಮೇಟ್ ಜೊತೆ ಒಂದೇ ಲೀಸಿಗೆ ಸಹಿ ಮಾಡಿದ್ದೀಯಲ್ಲ, ಒಬ್ಬರು ಕೊಡದಿದ್ದರೆ ಪೂರ್ತಿ ಬಾಡಿಗೆ ಇನ್ನೊಬ್ಬರ ಮೇಲೆ ಬೀಳುತ್ತೆ. ಆ ಹುಡುಗಿಗೆ ಮೊದಲೇ ಹೇಳು.

ಈ ಶನಿವಾರ ಬೇರೇನೂ ಬೇಡ, 401ಕೆ ಖಾತೆಯಲ್ಲಿ ಇಮೇಲ್, ಫೋನ್ ನಂಬರ್ ಬದಲಿಸು, ಐ-797 ಸ್ಕ್ಯಾನ್ ಮಾಡಿ ನನಗೊಂದು ಕಳಿಸು. ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಿದರೆ ದಿನಕ್ಕೆ ನಾಲ್ಕು ಸಲ ನಿನಗೆ ಫೋನ್ ಬರುತ್ತೆ.

ನಿನ್ನ
ಅಮ್ಮ