ಬೀಗದೊಳಗೆ ಮುರಿದ ಕೀ: ಕೊರೆಯುವ ಮುನ್ನ ತುಸು ತಾಳ್ಮೆ

ಮಾನ್ಯ ಸಂಪಾದಕರೇ,

ಕಳೆದ ತಿಂಗಳ ಒಂದು ಭಾನುವಾರ, ಜಡಿಮಳೆ ಹಿಡಿದ ಸಂಜೆ, ಶಿವಮೊಗ್ಗದಲ್ಲಿರುವ ನನ್ನ ಮಗಳ ಮನೆಯ ಮುಂಬಾಗಿಲಿನ ಬೀಗದಲ್ಲಿ ಕೀ ಮುರಿಯಿತು. ಹಿಡಿ ಅವಳ ಕೈಯಲ್ಲಿ, ಹಲ್ಲುಗಳಿರುವ ಭಾಗ ಬೀಗದ ಹೊಟ್ಟೆಯಲ್ಲಿ. ಫೋನಿನಲ್ಲಿ ಹುಡುಕಿ ಕರೆಸಿದ ಸೇವಾ ಸಂಸ್ಥೆಯೊಂದರ ಯುವಕ ಬಂದವನೇ ಬೀಗವನ್ನು ಮುಟ್ಟಿಯೂ ನೋಡದೆ, ಸಿಲಿಂಡರ್ ಹೋಗಿದೆ, ಕೊರೆದು ತೆಗೆದು ಹೊಸ ಬೀಗ ಕೂರಿಸಬೇಕು, ಎಲ್ಲ ಸೇರಿ 3,800 ರೂಪಾಯಿ ಆಗುತ್ತದೆ ಎಂದನಂತೆ. ನಾನು ಆಟೋ ಹಿಡಿದು ಅಲ್ಲಿಗೆ ತಲುಪುವ ವೇಳೆಗೆ ಅವನು ಡ್ರಿಲ್ ಯಂತ್ರವನ್ನು ಚೀಲದಿಂದ ಹೊರತೆಗೆಯುತ್ತಿದ್ದ. ಬಂದು ಹೋದದ್ದಕ್ಕೆ 300 ರೂಪಾಯಿ ಕೊಟ್ಟು ಅವನನ್ನು ಕಳುಹಿಸಿ, ಗಾಂಧಿ ಬಜಾರಿನ ಬದಿಯಲ್ಲಿ ದೊಡ್ಡ ಕೊಡೆಯ ಕೆಳಗೆ ಕುಳಿತು ಕೀ ಮಾಡಿಕೊಡುವ ಹಿರಿಯರೊಬ್ಬರನ್ನು ಕರೆತರಲು ಮೊಮ್ಮಗನನ್ನು ಅಟ್ಟಿದೆ. ಅವರು ಬಂದ ಹತ್ತು ನಿಮಿಷಕ್ಕೆ ಬಾಗಿಲು ತೆರೆದಿತ್ತು, ಮುರಿದ ತುಂಡು ಅವರ ಅಂಗೈಯಲ್ಲಿತ್ತು, ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಇಂಥ ಸಂಜೆ ಯಾವ ಮನೆಗಾದರೂ ಬರಬಹುದಾದ್ದರಿಂದ, ಅಂದು ನಡೆದದ್ದನ್ನೂ ಅದರ ಹಿಂದಿನ ಕಾರಣವನ್ನೂ ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಐಟಿಐಯಲ್ಲಿ 28 ವರ್ಷ ಫಿಟ್ಟರ್ ವಿಭಾಗದ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿದವನು ನಾನು. ಆದರೂ ಆ ಕೆಲಸಕ್ಕೆ ನಾನೇ ಕೈಹಾಕಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅಷ್ಟು ಸಣ್ಣ ಕಿಂಡಿಯೊಳಗೆ ನನ್ನ ದೃಷ್ಟಿ ನಿಲ್ಲುವುದಿಲ್ಲ. ಅಷ್ಟರೊಳಗೆ ನೆರೆಹೊರೆಯವರ ಚಿಕಿತ್ಸೆಯೂ ಶುರುವಾಗಿತ್ತು. ಎದುರು ಮನೆಯವರು ಕೊಬ್ಬರಿ ಎಣ್ಣೆ ಸುರಿದಿದ್ದರು. ಮೇಲಿನ ಮನೆಯ ಹುಡುಗ ಹೊಲಿಗೆ ಸೂಜಿಯಿಂದ ಕೆದಕಲು ಹೋಗಿ ಅದರ ತುದಿಯನ್ನೂ ಒಳಗೇ ಮುರಿದಿದ್ದ. ಮತ್ತೊಬ್ಬರು ಕ್ಷಣದಲ್ಲಿ ಅಂಟುವ ಗೋಂದನ್ನು ತಂದು, ಹಿಡಿಯನ್ನು ತುಂಡಿಗೆ ಅಂಟಿಸಿ ಎಳೆದರಾಯಿತು ಎಂದು ಸಿದ್ಧರಾಗಿ ನಿಂತಿದ್ದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಆ ಗೋಂದು ಒಂದು ಹನಿ ಒಳಗೆ ಹರಿದಿದ್ದರೂ ಡ್ರಿಲ್ ಯಂತ್ರದ ಯುವಕನ ಮಾತೇ ನಿಜವಾಗುತ್ತಿತ್ತು.

ಬೀಗದ ಒಳಗಿನ ಏರ್ಪಾಡನ್ನು ತಿಳಿದರೆ ಇದು ಏಕೆಂದು ಅರ್ಥವಾಗುತ್ತದೆ. ಇಂದಿನ ಮನೆಬಾಗಿಲುಗಳಲ್ಲಿ ಹೆಚ್ಚಾಗಿ ಇರುವುದು ಪಿನ್ ಸಿಲಿಂಡರ್ ಬೀಗ. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಉಪಾಯವೇ ಇವತ್ತಿಗೂ ಅದರೊಳಗೆ ಕೂತಿದೆ. ಕೀಯೊಂದಿಗೆ ತಿರುಗುವ ಒಳಗಿನ ಉರುಳೆ, ಅದನ್ನು ಸುತ್ತುವರಿದ ಕವಚ, ಇವೆರಡನ್ನೂ ಹಾಯುವಂತೆ ಸಾಲಾಗಿ ಐದೋ ಆರೋ ರಂಧ್ರಗಳು. ಒಂದೊಂದು ರಂಧ್ರದಲ್ಲೂ ಒಂದರ ಮೇಲೊಂದು ಎರಡು ಪಿನ್, ಅವನ್ನು ಒತ್ತಿ ಹಿಡಿಯುವ ಒಂದು ಪುಟ್ಟ ಸ್ಪ್ರಿಂಗ್. ಸರಿಯಾದ ಕೀ ಒಳಹೊಕ್ಕಾಗ ಎಲ್ಲ ಜೋಡಿ ಪಿನ್‌ಗಳ ಸಂದೂ ಉರುಳೆಯ ಅಂಚಿಗೆ ಸಮನಾಗಿ ಬಂದು ನಿಲ್ಲುತ್ತದೆ, ಆಗ ಮಾತ್ರ ಉರುಳೆ ತಿರುಗುತ್ತದೆ. ತಿರುಗಿದ ಮೇಲೆ ಕೀಗೆ ತಾಗಿಕೊಂಡಿರುವ ಪಿನ್‌ಗಳು ಉರುಳೆಯೊಳಗೆ ಸೆರೆಯಾಗುತ್ತವೆ. ಕವಚದ ಗೋಡೆ ಅಡ್ಡ ಬಂದಿರುವುದರಿಂದ ಅವು ಕದಲಲಾರವು. ಕೀಯ ಏರುತಗ್ಗಿನ ಹಲ್ಲುಗಳು ಹೊರಬರಬೇಕಾದರೆ ಪಿನ್‌ಗಳು ಹಿಂದೆ ಸರಿದು ದಾರಿ ಬಿಡಬೇಕು. ಹೀಗಾಗಿ ಕೀ ಅರ್ಧ ತಿರುಗಿದ ಸ್ಥಿತಿಯಲ್ಲಿ ಮುರಿದಿದ್ದರೆ ಯಾವ ಇಕ್ಕಳದ ಎಳೆತಕ್ಕೂ ತುಂಡು ಜಗ್ಗುವುದಿಲ್ಲ. ಮೊದಲು ಉರುಳೆಯನ್ನು ಕೀ ಹಾಕುವಾಗಿನ ನೇರ ಸ್ಥಿತಿಗೆ ತರಬೇಕು. ಅವಸರದಲ್ಲಿ ಎಲ್ಲರೂ ಮರೆಯುವುದು ಇದೊಂದನ್ನೇ.

ಆ ಹಿರಿಯರು ಬಂದವರೇ ಬೀಗದ ಕಡೆ ನೋಡಲಿಲ್ಲ. "ಮನೆ ಯಾರದು ಸ್ವಾಮಿ?" ಎಂದು ಕೇಳಿದರು, ನನ್ನ ಉತ್ತರ ಸಾಲದೆ ಎದುರು ಮನೆಯವರ ಬಾಯಿಂದಲೂ ಕೇಳಿ ತಿಳಿದುಕೊಂಡರು. ಸೇವಾ ಸಂಸ್ಥೆಯ ಯುವಕ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅನಂತರ ಟಾರ್ಚ್ ಹಿಡಿದು ಕೀಲಿಕಿಂಡಿಯನ್ನು ನೋಡಿ, ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬೀಗದ ನಾಲಿಗೆ ಚೌಕಟ್ಟಿನ ತಗಡಿಗೆ ಕಚ್ಚಿಕೊಂಡಿದೆ, ಅಮ್ಮನವರು ಬಲ ಹಾಕಿ ತಿರುಗಿಸಿದ್ದಾರೆ ಎಂದರು. ಮೊಮ್ಮಗನಿಗೆ ಹಿಡಿಕೆಯನ್ನು ಹಿಡಿದು ಬಾಗಿಲನ್ನು ತನ್ನ ಕಡೆಗೆ ಬಿಗಿಯಾಗಿ ಎಳೆದುಕೊಂಡಿರಲು ಹೇಳಿ, ಚಪ್ಪಟೆ ಬಾಯಿಯ ಸಣ್ಣ ಸ್ಕ್ರೂಡ್ರೈವರನ್ನು ಕಿಂಡಿಯ ತುಟಿಗಷ್ಟೇ ಸಿಕ್ಕಿಸಿ ಮೆಲ್ಲಗೆ ತಿರುಗಿಸಿದರು. ನಾಲಿಗೆ ಸರಿದ ಸದ್ದು ನಮಗೆಲ್ಲ ಕೇಳಿಸಿತು. ತುಂಡು ಪೂರ್ತಿ ಆಳದಲ್ಲೇ ಇದ್ದರೆ ಪಿನ್‌ಗಳ ಪಾಲಿಗೆ ಅದಿನ್ನೂ ಇಡೀ ಕೀಯೇ. ತಿರುಗಿಸಲು ಹಿಡಿ ಇಲ್ಲ ಅಷ್ಟೇ. ಆ ಕೊರತೆಯನ್ನು ಸ್ಕ್ರೂಡ್ರೈವರ್ ತುಂಬಿತು. ಮಗಳು ಒಳಗೆ ಹೋಗಿ ದೀಪ ಹಾಕಿದ ಮೇಲೆ, ಅವರು ತೆರೆದ ಬಾಗಿಲ ಬಳಿ ಕುಳಿತು ನಿಧಾನವಾಗಿ ಉಳಿದ ಕೆಲಸಕ್ಕೆ ತೊಡಗಿದರು.

ಮೊದಲು ಒಂದು ಅಯಸ್ಕಾಂತವನ್ನು ಕಿಂಡಿಗೆ ಹಿಡಿದರು. ಸೂಜಿಯ ತುದಿ ಉಕ್ಕಿನದಾದ್ದರಿಂದ ಬಂದು ಅಂಟಿಕೊಂಡಿತು. ಕೀಯ ತುಂಡು ಹಿತ್ತಾಳೆಯದು, ಅಯಸ್ಕಾಂತಕ್ಕೆ ಅದರ ಗೊಡವೆಯಿಲ್ಲ. ಆಮೇಲೆ ಉರುಳೆಯನ್ನು ನೇರ ಸ್ಥಿತಿಗೆ ತಂದು, ಬೆರಳ ತುದಿಯಿಂದ ಸ್ವಲ್ಪ ಗ್ರಾಫೈಟ್ ಪುಡಿಯನ್ನು ಕಿಂಡಿಗೆ ಊದಿದರು. ಎಣ್ಣೆ ಏಕೆ ಬೇಡವೆಂದರೆ, ಅದು ಇವತ್ತು ಜಾರಿಸಿ ನಾಳೆಯಿಂದ ಧೂಳನ್ನು ಹಿಡಿದಿಟ್ಟು ಅಂಟಾಗುತ್ತದೆ. ಕೊಬ್ಬರಿ ಎಣ್ಣೆಯಂತೂ ಚಳಿಗೆ ಗಟ್ಟಿಯೇ ಆಗುತ್ತದೆ. ಕೊನೆಗೆ ಹೊರಬಂದದ್ದು ಅವರ ಆಯುಧ: ಹಳೆಯ ಹ್ಯಾಕ್ಸಾ ಬ್ಲೇಡನ್ನು ಸಾಣೆಗೆ ಹಿಡಿದು ಬೆಂಕಿಕಡ್ಡಿಗಿಂತ ತೆಳುವಾಗಿ ಸವೆಸಿ, ತುದಿಯಲ್ಲಿ ಮೀನಿನ ಗಾಳದಂಥ ಒಂದೇ ಒಂದು ಕೊಕ್ಕೆ ಬಿಡಿಸಿದ್ದು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅಷ್ಟು ನಯವಾದ ಕೊಕ್ಕೆ ಬಿಡಿಸಿಯಾರು ಎಂದು ನಾನು ಈಗಲೂ ಯೋಚಿಸುತ್ತಿದ್ದೇನೆ. ಅದನ್ನು ಕೀಯ ಹಲ್ಲುಗಳಿರುವ ಬದಿಯಿಂದ ಸವರಿಕೊಂಡಂತೆ ಒಳಗೆ ತೂರಿಸಿ, ತುಸು ವಾಲಿಸಿ ಕೊಕ್ಕೆಯನ್ನು ಒಂದು ಹಲ್ಲಿನ ತಗ್ಗಿಗೆ ಸಿಕ್ಕಿಸಿ, ನೇರವಾಗಿ ಎಳೆದರು. ಮೊದಲ ಸಲ ಜಾರಿತು. ಎರಡನೆಯ ಸಲ ತುಂಡು ಗೋಧಿಕಾಳಿನಷ್ಟು ಹೊರಗೆ ಇಣುಕಿತು, ಉಳಿದದ್ದನ್ನು ಚಿಮುಟ ಮುಗಿಸಿತು.

ಮನೆಯಲ್ಲೇ ಪ್ರಯತ್ನಿಸುವವರಿಗೆ ಮರದ ಕುಸುರಿ ಕೆಲಸದವರು ಬಳಸುವ, ದಾರದಷ್ಟು ತೆಳುವಾದ ಗರಗಸದ ಎಲೆ ಒದಗುತ್ತದೆ. ಹಲ್ಲುಗಳ ಮೊನೆ ನಮ್ಮ ಕಡೆಗೆ ಇರುವಂತೆ ಒಳಗೆ ತೂರಿಸಿದರೆ, ಎಳೆಯುವಾಗ ಉಕ್ಕಿನ ಹಲ್ಲು ಮೆತ್ತನೆಯ ಹಿತ್ತಾಳೆಯನ್ನು ಕಚ್ಚುತ್ತದೆ. ತುಂಡಿನ ತುದಿ ಹೊರಗೆ ಕಾಣುತ್ತಿದ್ದರೆ ಮಾತ್ರ ಚಿಮುಟ ಹಿಡಿಯಬೇಕು. ಒಳಗೆ ಹೂತಿದ್ದರೆ ಚಿಮುಟದ ಕಾಲುಗಳೇ ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತವೆ. ಅಂಗಡಿಗಳ ಷಟರಿಗೂ ಗೇಟಿಗೂ ಹಾಕುವ, ಮೈಮೇಲೆ "7 ಲಿವರ್" ಎಂದು ಬರೆದಿರುವ ನೇತುಬೀಗಗಳ ಬಗೆ ಬೇರೆ. ಅವುಗಳಲ್ಲಿ ಕೀಯ ಹಲ್ಲು ಕಿಂಡಿಯನ್ನು ದಾಟಿ ಒಳಗೆ ಸುತ್ತುವುದರಿಂದ, ಮುರಿದ ಹಲ್ಲನ್ನು ಗಟ್ಟಿ ತಂತಿಯಿಂದ ಹಿಂದಕ್ಕೆ ತಿರುಗಿಸಿ ಕಿಂಡಿಯ ಸೀಳಿಗೆ ಎದುರಾಗಿ ತರಬೇಕು. ಆಮೇಲೆ ಬೀಗವನ್ನು ಕಿಂಡಿ ಕೆಳಗಾಗಿ ಹಿಡಿದು ಮರದ ತುಂಡಿನಿಂದ ತಟ್ಟಿದರೆ ಎಷ್ಟೋ ವೇಳೆ ತಾನಾಗಿ ಉದುರುತ್ತದೆ. ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು: ಒಳಗೆ ಮಗುವೊಂದೇ ಇದ್ದರೆ, ಒಲೆ ಉರಿಯುತ್ತಿದ್ದರೆ ಈ ಕುಶಲಕಲೆಯೆಲ್ಲ ಬೇಡ. ತಕ್ಷಣ 112ಕ್ಕೆ ಕರೆ ಮಾಡಬೇಕು, ಬಾಗಿಲು ಹೋದರೆ ಹೋಗಲಿ.

ಇನ್ನು ಕೀ ಮುರಿದದ್ದಾದರೂ ಏಕೆ? ಮಗಳ ಕೀಯ ಎರಡು ತುಂಡುಗಳನ್ನು ಮನೆಗೆ ತಂದು ಭೂತಕನ್ನಡಿಯಲ್ಲಿ ನೋಡಿದೆ. ಅತ್ಯಂತ ಆಳವಾದ ಹಲ್ಲಿನ ತಗ್ಗಿನಲ್ಲೇ ಅದು ಮುರಿದಿತ್ತು. ಅಲ್ಲಿ ಲೋಹ ತೀರ ಕಿರಿದು, ಬಲವೆಲ್ಲ ಬಂದು ಸೇರುವುದೂ ಅಲ್ಲಿಗೇ. ಮುರಿದ ಮುಖದ ಅರ್ಧ ಭಾಗ ಕಪ್ಪಾಗಿತ್ತು, ಉಳಿದರ್ಧ ಹೊಸ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಅಂದರೆ ಬಿರುಕು ಎಷ್ಟೋ ದಿನಗಳ ಹಿಂದೆಯೇ ಹುಟ್ಟಿ, ಭಾನುವಾರದ ತಿರುವಿಗಾಗಿ ಕಾಯುತ್ತಿತ್ತು. ಬೀಗ ತೆಗೆದ ಮೇಲೆ ಕೀಯನ್ನೇ ಹಿಡಿಕೆ ಮಾಡಿಕೊಂಡು ಬಾಗಿಲನ್ನು ಎಳೆಯುವುದು, ಅದರಿಂದಲೇ ಪಾರ್ಸೆಲ್ ಡಬ್ಬಿ ಸೀಳುವುದು ಅವಳ ಅಭ್ಯಾಸ, ಹೇಳಿದರೆ ನಗುತ್ತಾಳೆ. ಇದರ ಮೇಲೆ, ಆ ಕೀ ನಕಲಿನ ನಕಲಾಗಿತ್ತು. ಕೀ ಕತ್ತರಿಸುವ ಯಂತ್ರ ಮುಂದಿಟ್ಟ ಕೀಯ ಮೇಲೆ ಒಂದು ಮೊನೆಯನ್ನು ಹರಿಸಿ ಅದೇ ಏರಿಳಿತವನ್ನು ಹೊಸ ತಗಡಿಗೆ ಇಳಿಸುತ್ತದೆಯಾದ್ದರಿಂದ, ಸವೆದ ಕೀಯ ಸವೆತವೂ ನಕಲಾಗುತ್ತದೆ. ಅಂಥ ಕೀ ಪಿನ್‌ಗಳನ್ನು ಸರಿಯಾದ ಎತ್ತರಕ್ಕೆ ಒಯ್ಯದೆ ತಡವರಿಸುತ್ತದೆ, ನಾವು ಬಲ ಹಾಕುತ್ತೇವೆ. ಹೊಸ ಬೀಗದೊಂದಿಗೆ ಬಂದ ಮೂಲ ಕೀಗಳಲ್ಲಿ ಒಂದನ್ನು ಬಳಸದೆ ತೆಗೆದಿಟ್ಟು, ನಕಲು ಬೇಕಾದಾಗಲೆಲ್ಲ ಅದನ್ನೇ ಒಯ್ದರೆ ಈ ಪಾಡಿಲ್ಲ. ಮುರಿದ ತುಂಡುಗಳನ್ನೂ ಎಸೆಯಬಾರದು. ಮಾರನೆಯ ದಿನ ಅದೇ ಹಿರಿಯರು ಎರಡು ತುಂಡುಗಳನ್ನು ಸಣ್ಣ ವೈಸಿನಲ್ಲಿ ಸೇರಿಸಿ ಹಿಡಿದು, ಕೈಯರದಿಂದಲೇ ಹೊಸ ಕೀ ಮಾಡಿಕೊಟ್ಟರು. ಸವೆತವಿದ್ದ ಎರಡು ಹಲ್ಲುಗಳನ್ನು ಬೀಗಕ್ಕೆ ಹಾಕಿ ತೆಗೆದು, ಬಿದ್ದ ಗುರುತು ನೋಡಿ ತಿದ್ದಿದರು. ಎರಡೂ ದಿನದ ಕೆಲಸಕ್ಕೆ ಅವರು ಕೇಳಿದ್ದು 250 ರೂಪಾಯಿ.

ಕೊರೆಯುವುದೇ ತಪ್ಪೆಂದು ನಾನು ಹೇಳಲಾರೆ. ಗೋಂದು ಹರಿದ ಬೀಗಕ್ಕೆ, ಉರುಳೆಯೇ ಕಚ್ಚಿಕೊಂಡ ಬೀಗಕ್ಕೆ ಬೇರೆ ದಾರಿಯಿಲ್ಲ. ಆದರೆ ಅದು ಕೊನೆಯ ಮದ್ದು. ಕೊರೆಯಲು ಬಂದವರನ್ನು ಮನೆಯವರು ಮೊದಲು ಕೇಳಬೇಕಾದದ್ದು, ತುಂಡನ್ನು ತೆಗೆಯಲು ಪ್ರಯತ್ನಿಸಿದಿರಾ ಎಂಬ ಒಂದು ಪ್ರಶ್ನೆಯನ್ನು.

ಈ ಸಂದರ್ಭದಲ್ಲಿ ಮಹಾನಗರ ಪಾಲಿಕೆಗೂ ಒಂದು ಅರಿಕೆಯಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯು ಸರಕು ಮಾರುವವರನ್ನಷ್ಟೇ ಅಲ್ಲದೆ, ಬೀದಿಯಲ್ಲಿ ಸಾರ್ವಜನಿಕರಿಗೆ ಸೇವೆ ಒದಗಿಸುವವರನ್ನೂ ಬೀದಿ ವ್ಯಾಪಾರಿ ಎಂಬ ಮಾತಿನೊಳಗೆ ಸೇರಿಸಿದೆ. ಸಮೀಕ್ಷೆ ನಡೆಸಿ ಪ್ರಮಾಣಪತ್ರವನ್ನೂ ಗುರುತಿನ ಚೀಟಿಯನ್ನೂ ಕೊಡಬೇಕೆಂದು ಹೇಳಿದೆ. ಕೀ ಮಾಡುವ ಆ ಹಿರಿಯರ ಬಳಿ ಅಂಥ ಯಾವ ಚೀಟಿಯೂ ಇಲ್ಲ. ಯಾರಾದರೂ ಎಬ್ಬಿಸಿದ ದಿನ ಕೊಡೆ ಮಡಿಸಿಕೊಂಡು ಹೋಗುತ್ತಾರೆ. ಬೇರೆಯವರ ಮನೆಯ ಬೀಗವನ್ನು ಮುಟ್ಟುವ ಈ ಕಸುಬಿನಲ್ಲಿ ಭಾವಚಿತ್ರವಿರುವ ಚೀಟಿಯೊಂದು ಅವರಿಗೆ ಎಷ್ಟು ಆಸರೆಯೋ, ಕರೆಸುವ ನಮಗೂ ಅಷ್ಟೇ ಭರವಸೆ. ಪಟ್ಟಣ ವ್ಯಾಪಾರ ಸಮಿತಿಯವರು ಮುಂದಿನ ಸಮೀಕ್ಷೆಗೆ ಗಾಂಧಿ ಬಜಾರಿಗೆ ಬಂದಾಗ, ಹಣ್ಣಿನ ಗಾಡಿಗಳ ಸಾಲನ್ನು ಎಣಿಸಿ ಹಿಂತಿರುಗದೆ, ಅವುಗಳ ಪಕ್ಕದಲ್ಲಿ ಅರ, ವೈಸು, ಕೀಗಳ ಗೊಂಚಲು ಹರಡಿಕೊಂಡು ನೆಲಕ್ಕೆ ಕುಳಿತವರನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಶಿವಮೊಗ್ಗ